ಬಾಖ್ (ಮನೆತನದ ಹೆಸರು)

ಬಾಖ್: ಜರ್ಮನ್ ಮನೆತನದ ಹೆಸರು. ಪದದ ಅರ್ಥ ತೊರೆ, ಹಳ್ಳ. ತುರಿಂಗಿಯ ಪ್ರಾಂತದಲ್ಲಿ ಈ ಹೆಸರಿನ ಒಂದೇ ಮನೆತನ ಹಲವು ತಲೆಮಾರು ಸಂಗೀತಗಾರರನ್ನು ಕೊಟ್ಟದ್ದರಿಂದ ಹೆಸರು ಹೆಚ್ಚುಕಡಿಮೆ ಕಸುಬಿನ ಹೆಸರೇ ಆಯಿತು.

1735ರಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ತನ್ನ ವಂಶಾವಳಿ ಬರೆದಿಟ್ಟ. ಅದರಲ್ಲಿರುವುದು 53 ಗಂಡಸರು, ಹೆಣ್ಣುಮಕ್ಕಳಿಗೆ ಎಣಿಕೆಯಿಲ್ಲ. ಮೂಲಪುರುಷ ಫೈಟ್ ಬಾಖ್ ಹಂಗೇರಿಯಿಂದ ಧರ್ಮದ ಕಾರಣಕ್ಕೆ ತುರಿಂಗಿಯದ ವೆಖ್ಮಾರ್‌ಗೆ ಬಂದು ನೆಲೆಸಿದ ರೊಟ್ಟಿ ಸುಡುವವನು. ಹಿಟ್ಟಿನ ಗಿರಣಿಗೆ ಹೋಗುವಾಗ ಪುಟ್ಟ ತಂತಿವಾದ್ಯವನ್ನೂ ಒಯ್ದು, ಬೀಸುವ ಸದ್ದಿನ ಜೊತೆಗೇ ನುಡಿಸುತ್ತಿದ್ದನಂತೆ. ಅವನು ತಾಳ ಕಲಿತದ್ದು ಹೀಗೆ ಎಂದು ಸೆಬಾಸ್ಟಿಯನ್ ಕೊಂಚ ನಗುತ್ತಲೇ ಬರೆದಂತಿದೆ. ಏರ್ಫುರ್ಟ್ ನಗರದಲ್ಲಿ ಈ ಮನೆಯವರು ಎಷ್ಟು ಕಾಲ ವಾದ್ಯಗಾರರಾಗಿದ್ದರೆಂದರೆ, ಅವರೆಲ್ಲ ಹೋದ ಮೇಲೂ ಅಲ್ಲಿಯ ವಾದ್ಯಗಾರರನ್ನು ಜನ ‘ಬಾಖ್‌ಗಳು’ ಎಂದೇ ಕರೆಯುತ್ತಿದ್ದರು.

ಸೆಬಾಸ್ಟಿಯನ್‌ಗೆ ಹುಟ್ಟಿದ 20 ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು 10. ಅವರಲ್ಲಿ ನಾಲ್ವರು ಹೆಸರಾಂತ ಸಂಯೋಜಕರು. ಗೊಂದಲ ತಪ್ಪಿಸಲು ಇವರನ್ನು ಊರಿನಿಂದ ಗುರುತಿಸುವ ರೂಢಿ ಬಂತು: ವಿಲ್ಹೆಲ್ಮ್ ಫ್ರೀಡೆಮಾನ್ ಹಾಲೆಯ ಬಾಖ್, ಕಾರ್ಲ್ ಫಿಲಿಪ್ ಎಮಾನುಯೆಲ್ ಬರ್ಲಿನ್ ಅಥವಾ ಹ್ಯಾಂಬರ್ಗ್ ಬಾಖ್, ಯೋಹಾನ್ ಕ್ರಿಸ್ಟೋಫ್ ಫ್ರೀಡ್ರಿಖ್ ಬ್ಯೂಕೆಬುರ್ಗ್ ಬಾಖ್, ಯೋಹಾನ್ ಕ್ರಿಸ್ಟಿಯನ್ ಲಂಡನ್ ಬಾಖ್. 1764ರಲ್ಲಿ ಲಂಡನ್ನಿಗೆ ಬಂದ ಬಾಲಕ ಮೊಟ್ಸಾರ್ಟ್ ಈ ಕೊನೆಯವನಿಂದ ಬಹಳ ಕಲಿತ. ಆ ಕಾಲದ ಜರ್ಮನಿಯಲ್ಲಿ ಬರೀ ‘ಬಾಖ್’ ಎಂದರೆ ಸಾಮಾನ್ಯವಾಗಿ ಎಮಾನುಯೆಲ್. ಅಪ್ಪ ಬಲ್ಲವರ ವಲಯದಲ್ಲಷ್ಟೇ ಉಳಿದಿದ್ದ. 1829ರಲ್ಲಿ ಸಂಯೋಜಕ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಸೆಬಾಸ್ಟಿಯನ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಹಾಡಿಸಿದ ಮೇಲೆ ಹೆಸರು ಅಪ್ಪನ ಪಾಲಿಗೆ ಮರಳಿತು.

ಈ ಹೆಸರನ್ನು ನುಡಿಸಲೂ ಬರುತ್ತದೆ. ಜರ್ಮನ್ ಸ್ವರಲಿಪಿಯಲ್ಲಿ ಬಿ, ಎ, ಸಿ, ಎಚ್ ನಾಲ್ಕೂ ಸ್ವರಗಳು. ‘ಸಿ’ಯನ್ನು ಷಡ್ಜವಾಗಿ ಹಿಡಿದರೆ ಕೈಶಿಕಿ ನಿಷಾದ, ಚತುಶ್ರುತಿ ಧೈವತ, ತಾರ ಷಡ್ಜ, ಕಾಕಲಿ ನಿಷಾದ. ಒತ್ತೊತ್ತಾಗಿ ಕುಳಿತ, ಹಾಡಲು ಸುಲಭವಲ್ಲದ ಸಾಲು. ಸೆಬಾಸ್ಟಿಯನ್ ಪೂರ್ಣಗೊಳಿಸದೆ ಬಿಟ್ಟ ‘ಆರ್ಟ್ ಆಫ್ ಫ್ಯೂಗ್’ನ ಕೊನೆಯ ಫ್ಯೂಗ್‌ನಲ್ಲಿ (ಒಂದೇ ಸಾಲನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ಇದೇ ಸಾಲಿದೆ, ಶೂಮನ್, ಲಿಸ್ಟ್ ಇದರ ಮೇಲೆ ಸ್ವತಂತ್ರ ಕೃತಿಗಳನ್ನೇ ಕಟ್ಟಿದರು.

1843ರಲ್ಲಿ ಲೈಪ್ಜಿಗ್‌ನಲ್ಲಿ ಸೆಬಾಸ್ಟಿಯನ್ ಸ್ಮಾರಕದ ಅನಾವರಣಕ್ಕೆ ಅವನ ಮೊಮ್ಮಗ, 83 ವರ್ಷದ ವಿಲ್ಹೆಲ್ಮ್ ಫ್ರೀಡ್ರಿಖ್ ಎರ್ನ್ಸ್ಟ್ ಬಾಖ್ ಬಂದಿದ್ದ. ಅವನೂ ಸಂಯೋಜಕ. 1845ರಲ್ಲಿ ತೀರಿಕೊಂಡ.