ಜತ್ತದ ನೀರು ಮತ್ತು ಗಡಿಯೆಂಬ ನಿರ್ಬಂಧ

ಕೃಷ್ಣಾ ಕೊಳ್ಳದಲ್ಲಿದ್ದೂ ಕೃಷ್ಣೆಯ ನೀರಿಗೆ ಹಂಬಲಿಸಿದ ಸೀಮೆ ಜತ್ತ. ಡಫಳೆ ಮನೆತನದ ಈ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಬಚಾವತ್ ನ್ಯಾಯಮಂಡಳಿಯು ಮಹಾರಾಷ್ಟ್ರಕ್ಕೆ 560 ಟಿಎಂಸಿ ನೀರನ್ನು ನಿಗದಿಗೊಳಿಸಿತಾದರೂ, ಪೂರ್ವಭಾಗದ ಕನ್ನಡ ಹಳ್ಳಿಗಳಿಗೆ ಅದು ಸುಲಭವಾಗಿ ದಕ್ಕಲಿಲ್ಲ. ಮ್ಹೈಸಾಳ ಏತ ನೀರಾವರಿಯಲ್ಲಿ ನೀರನ್ನು ಹಂತಹಂತವಾಗಿ ಎತ್ತಬೇಕು. ಎತ್ತರ ಹೆಚ್ಚಿದಷ್ಟೂ ವಿದ್ಯುತ್ ವೆಚ್ಚವೂ ಹೆಚ್ಚು.

ಇಂತಹ ಹಂಚಿಕೆಗೆ ಒದಗುವ ಗಣಿತವೆಂದರೆ ರೇಖೀಯ ಯೋಜನೆ. ಅದಕ್ಕೆ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನವನ್ನು ರೂಪಿಸಿದನು. ವೆಚ್ಚವನ್ನು ಕನಿಷ್ಠಗೊಳಿಸುವುದೊಂದೇ ಗುರಿಯಾದರೆ ಏತದ ತುದಿಯ ಊರು ಸರದಿಯ ಕೊನೆಗೆ ಬೀಳುತ್ತದೆ. ಪ್ರತಿ ಗ್ರಾಮಕ್ಕೂ ಇಂತಿಷ್ಟು ನೀರು ಸಿಗಲೇಬೇಕೆಂಬ ನಿರ್ಬಂಧವನ್ನು ಸೇರಿಸಿದರೆ ಖರ್ಚು ಏರುತ್ತದೆ, ಊರಿಗೆ ನೀರು ಬರುತ್ತದೆ. ಆ ಸಾಲನ್ನು ಬರೆಯಬೇಕಾದವರು ಆಳುವವರು.

ರಾಜ್ಯದ ಗಡಿಯೂ ಅಂಥದೇ ನಿರ್ಬಂಧ. ಬಹುಶಃ ಎಲ್ಲಕ್ಕಿಂತ ದುಬಾರಿಯಾದುದು. ನೀರಿಲ್ಲದೆ ಬೇಸತ್ತ ಸುಮಾರು 40 ಗ್ರಾಮಗಳು 2012ರಲ್ಲಿ ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಪ್ರಸ್ತಾಪಿಸಿದೊಡನೆ ವಿವಾದ ಮತ್ತೆ ಭುಗಿಲೆದ್ದಿತು. ಅದರ ಬೆನ್ನಲ್ಲೇ ಕರ್ನಾಟಕದ ತುಬಚಿ–ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ಜತ್ತದ ಹಳ್ಳಿಗಳತ್ತ ಹರಿಯಿತು. ಮಹಾರಾಷ್ಟ್ರವು ವಿಸ್ತರಿತ ಮ್ಹೈಸಾಳ ಯೋಜನೆಗೆ ಚಾಲನೆ ನೀಡಿತು.