ದೊಡ್ಡವ್ವನ ಮಗ್ಗ ಮತ್ತು ನಮ್ಮ ಐದು ಮಾರ್ಕಿನ ಪ್ರಶ್ನೆ

1/6
ಮೊದಲನೇ ಫೋಟೋ ನೋಡ್ರಿ. ರಾಮದುರ್ಗ ತಾಲೂಕಿನ ಸುರೇಬಾನ, ನಮ್ಮ ದೊಡ್ಡವ್ವನ ಮನೆಯ ಪಡಸಾಲೆ. ನೆಲ ಅಗೆದು ಮಾಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯ್ತಾರೆ, ಅದಕ್ಕೇ ಇದು ಕುಣಿ ಮಗ್ಗ. ದೊಡ್ಡಪ್ಪ ಲಾಳಿ ಹೊಡೆದರೆ ದೊಡ್ಡವ್ವ ಕಂಡಿಕೆ ಸುತ್ತಬೇಕು. ಹೋದ ರಜೆಗೆ ಹೋದಾಗ ಕಂಡಿಕೆ ಸುತ್ತುತ್ತಲೇ ಕೇಳಿದಳು: "ಬಿಕಾಂ ಅಂದ್ರ ಲೆಕ್ಕಾ ಕಲಿಯೋದಲ್ಲೇನೋ? ಹಂಗಾದ್ರ ನಮ್ಮ ಲೆಕ್ಕಾ ಒಂದ ಹೇಳು. ಸರಕಾರ ನೇಕಾರ್ರಿಗೆ ಅಷ್ಟ ಕೊಟ್ಟೇವಿ ಇಷ್ಟ ಕೊಟ್ಟೇವಿ ಅಂತದ. ಕೈಮಗ್ಗ ಯಾಕ ಉಳೀಲಿಲ್ಲ?"

ನನ್ನ ಹತ್ರ ಉತ್ತರ ಇರಲಿಲ್ಲ. ಆದ್ರೆ 1948, 1956, 1977, 1991 ಅಂತ ಕೈಗಾರಿಕಾ ನೀತಿಗಳ ಇಸವಿ ಬಾಯಿಪಾಠ ಇತ್ತು. ನಿಮಗೂ ಇರುತ್ತೆ, ಐದು ಮಾರ್ಕಿನ ಖಾಯಂ ಪ್ರಶ್ನೆ ಅದು. ಆ ಇಸವಿಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಓಣಿಗೆ ಬಂದು ಏನು ಮಾಡಿದವು ಅಂತ ಹುಡುಕಿದ್ದೇ ಈ ಆರು ಪೋಸ್ಟು. ಉದ್ದ ಐತಿ. ಸೇವ್ ಮಾಡಿಟ್ಟುಕೊಂಡು ಬಸ್ಸಿನಾಗ ಓದ್ರಿ.

2/6
ಮೊದಲು ಹತ್ತಿ. ನಮ್ಮ ಕಡೆ ಎರಿ ಹೊಲಕ್ಕೆ ಹತ್ತಿ ಹೊಸದಲ್ಲ. ಬೆಳಗಾವಿ, ಧಾರವಾಡ ಸೀಮೆಯ ಹತ್ತಿ ಹಿಂದೆ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗ್ತಿತ್ತು. ಹಾಗಾಗಿ ಮುಂಬಯಿ ಪೇಟೆಯಲ್ಲಿ ಅದರ ಹೆಸರೇ "ಕುಮಟಾ ಹತ್ತಿ". ಬೆಳೆದವರು ನಾವು, ಹೆಸರು ಮಾತ್ರ ಬಂದರಿನದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರೋದು ನಿಂತಾಗ ಈ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗೀತು, ಬೆಲೆ ಬಿತ್ತು.

1887ರಲ್ಲಿ ಘಟಪ್ರಭಾ ನದಿಯ ಜಲಪಾತದ ದಂಡೆಗೆ ಗೋಕಾಕ ಗಿರಣಿ ಶುರುವಾಯ್ತು, ನೀರಿನ ಬಲದಿಂದ ನೂಲು ತೆಗೆಯೋ ಗಿರಣಿ. ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಿಡ್ರಿ. "ಕೈಮಗ್ಗ ಅಂದ್ರೆ ಎಲ್ಲಾ ಕೈಯಿಂದಲೇ" ಅಂತ ಅನ್ಕೋತೀವಿ. ಹಾಗಲ್ಲ. ಗಿರಣಿಯ ನೂಲು ಬಂದ ಮೇಲೆ ಕೈಯಿಂದ ನೂಲುವವರ ಕೆಲಸ ಹೋಯ್ತು. ನೇಕಾರ ಮಾತ್ರ ಅದೇ ಗಿರಣಿ ನೂಲು ತಂದು ಹಾಸು ಹಾಕಿ ಉಳಿದುಕೊಂಡ. ಆದ್ರೆ ಅವನ ಹೊಟ್ಟೆ ಅವತ್ತಿನಿಂದ ನೂಲಿನ ರೇಟಿಗೆ ಗಂಟುಬಿತ್ತು. ನೂಲು ಉದ್ರಿ ಕೊಟ್ಟು, ಸೀರೆ ತಗೊಂಡು, ಮಜೂರಿ ಲೆಕ್ಕ ಬರೆಯೋ ಸಾವುಕಾರ ಹುಟ್ಟಿದ್ದು ಈ ಸಂದಿಯಲ್ಲಿ.

3/6
ಈಗ ಐದು ಮಾರ್ಕಿನ ಭಾಗ. ಇಲ್ಲಿ ಸ್ವಲ್ಪ ನಿಧಾನ ಓದ್ರಿ, ಕಥೆಯ ಗಂಟು ಇಲ್ಲೇ ಐತಿ.

ಸ್ವಾತಂತ್ರ್ಯ ಬಂದಾಗ ನಮ್ಮ ನಾಲ್ಕೂ ಊರು ಒಂದೇ ಆಡಳಿತದಲ್ಲಿರಲಿಲ್ಲ. ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಉಳಿದವು ಮುಂಬಯಿ ಪ್ರಾಂತದಲ್ಲಿದ್ದವು. ಆಮೇಲೆ 1956ರ ನವೆಂಬರ್ 1ರವರೆಗೆ ಎಲ್ಲವೂ ಮುಂಬಯಿ ರಾಜ್ಯ.

ದಿಲ್ಲಿಯ ತಲೆನೋವು ಏನಂದ್ರೆ, ಗಿರಣಿ ಬಟ್ಟೆ ಅಗ್ಗ, ಆದ್ರೆ ಕೈಮಗ್ಗದಲ್ಲಿ ಲಕ್ಷಗಟ್ಟಲೆ ಜನರ ಅನ್ನ. ಯಾವುದನ್ನ ಬೆಳೆಸಬೇಕು? 1950ರಲ್ಲೇ ಕೆಲವು ಬಗೆಯ ಸೀರೆ, ಅಂಚಿನ ಧೋತರ ಕೈಮಗ್ಗಕ್ಕೆ ಮಾತ್ರ ಅಂತ ಮೀಸಲಿಟ್ಟರು. 1953ರಲ್ಲಿ ಕಾಯ್ದೆ ಮಾಡಿ ಗಿರಣಿ ಬಟ್ಟೆಯ ಗಜಕ್ಕೆ 3 ಪೈ ಹೆಚ್ಚುವರಿ ಸುಂಕ ಹಾಕಿ, ಆ ದುಡ್ಡನ್ನ ಖಾದಿ, ಕೈಮಗ್ಗಕ್ಕೆ ತಿರುಗಿಸಿದರು. ಮುಂದೆ ಎರಡು ಸಮಿತಿ, ಎರಡು ದಿಕ್ಕು. 1954ರ ಕಾನೂನ್ಗೋ ಸಮಿತಿ ಹೇಳಿದ್ದು: ಕೈಮಗ್ಗವನ್ನ ನಿಧಾನಕ್ಕೆ ಪವರ್‌ಲೂಮ್ ಮಾಡಿ, ಇಲ್ಲಾಂದ್ರೆ ನೇಕಾರನ ಗಳಿಕೆ ಏರೋದಿಲ್ಲ. ಮರುವರ್ಷವೇ ಕರ್ವೆ ಸಮಿತಿ: ಬೇಡ, ಗಿರಣಿ ಬೆಳೆಯೋದನ್ನ ತಡೀರಿ, ಜನಕ್ಕೆ ಬೇಕಾದ ಸಾಮಾನು ಹಳ್ಳಿಯಲ್ಲೇ ಆಗಲಿ, ಕೆಲಸ ಉಳೀಲಿ. ಎರಡನೇ ಪಂಚವಾರ್ಷಿಕ ಯೋಜನೆ ಕರ್ವೆ ದಾರಿ ಹಿಡೀತು. ಮಹಾಲನೋಬಿಸ್ ಲೆಕ್ಕವೂ ಇದಕ್ಕೆ ಹೊಂದ್ತಿತ್ತು: ಬಂಡವಾಳವೆಲ್ಲ ಉಕ್ಕು, ಯಂತ್ರಕ್ಕೆ; ಬಟ್ಟೆಬರೆ ಕೈಮಗ್ಗ, ಗುಡಿ ಕೈಗಾರಿಕೆಯಿಂದ.

ಪೇಪರ್ ಮೇಲೆ ಚಂದ. ಆಗಿದ್ದೇನು? ಗಿರಣಿಗೆ ಬೇಲಿ ಹಾಕಿದರು. ಕೈಮಗ್ಗದ ಉತ್ಪನ್ನಕ್ಕೂ ಒಂದು ಮಿತಿ ಇತ್ತು. ಬಟ್ಟೆ ಕೊಳ್ಳೋ ಜನ ಮಾತ್ರ ಏರ್ತಾನೇ ಹೋದರು. ಆ ಸಂದಿಯಲ್ಲಿ ಪವರ್‌ಲೂಮ್ ನುಗ್ಗಿತು. ನಮ್ಮ ಗಡಿಯಾಚೆ ಇಚಲಕರಂಜಿ ದೊಡ್ಡದಾಗಿದ್ದೂ ಇದೇ ಕಾಲದಲ್ಲಿ. ಕಾರ್ಮಿಕ ಕಾಯ್ದೆಯ ಭಾರ ಗಿರಣಿಯಷ್ಟಿಲ್ಲ, ವೇಗ ಕೈಮಗ್ಗದ ಎಷ್ಟೋ ಪಟ್ಟು. ಕೈಮಗ್ಗಕ್ಕೆ ಮೀಸಲಿಟ್ಟ ಸೀರೆಯನ್ನೇ ಅಲ್ಲಿ ನೇಯ್ದು "ಕೈಮಗ್ಗದ್ದು" ಅಂತ ಮಾರಿದರೆ ಹಿಡಿಯೋರು ಯಾರು?

1985ರಲ್ಲಿ ಕೈಮಗ್ಗ ಮೀಸಲಾತಿ ಕಾಯ್ದೆ ಬಂತು, 22 ಬಗೆಯ ಬಟ್ಟೆ ಮೀಸಲು. ಪವರ್‌ಲೂಮಿನವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ಕಾಯ್ದೆ ಸರಿ ಅಂದಿದ್ದು 1993ರಲ್ಲಿ. ಅಷ್ಟು ಹೊತ್ತಿಗೆ ಪೇಟೆ ಕೈಬಿಟ್ಟಿತ್ತು. ಮುಂದೆ 22 ಇದ್ದದ್ದು 11ಕ್ಕೆ ಇಳೀತು.

ನನ್ನ ಮಟ್ಟಿಗೆ ಕರ್ವೆ ಸಮಿತಿ ಕೇಳಿದ ಪ್ರಶ್ನೆ ಸರಿ ಇತ್ತು. ಆದ್ರೆ ಅವರು ಗಿರಣಿಯನ್ನ ಕಟ್ಟಿಹಾಕಿದರು, ನೇಕಾರನ ಕೈಗೆ ಹೊಸದೇನೂ ಬರಲಿಲ್ಲ. ಕೆಲಸ ಉಳಿಸೋದು, ಗಳಿಕೆ ಏರಿಸೋದು ಒಂದೇ ಅಲ್ಲ. ಕಾನೂನ್ಗೋ ಮಾತು ಕೇಳಿದ್ರೆ ಅರ್ಧ ಓಣಿಗೆ ಕೆಲಸ ಇರ್ತಿರಲಿಲ್ಲ ಅನ್ನೋದೂ ಖರೆ. ಇದರಾಗ ನನಗೆ ಇನ್ನೂ ಪಕ್ಕಾ ಉತ್ತರ ಸಿಕ್ಕಿಲ್ಲ.

4/6
ನಾಲ್ಕನೇ ಫೋಟೋದಲ್ಲಿರೋದು ದೊಡ್ಡಪ್ಪನ ಹಳೇ ಪಾಸ್‌ಬುಕ್. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ, ಶುರುವಾಗಿದ್ದು 1975. ಹುಬ್ಬಳ್ಳಿ, ಬೆಂಗಳೂರಲ್ಲಿ "ಪ್ರಿಯದರ್ಶಿನಿ" ಅಂತ ಮಳಿಗೆ ನೋಡಿದ್ದೀರಲ್ಲ, ಅದು ಇವರದ್ದೇ. ಪದ್ಧತಿ ಸರಳ: ನಿಗಮ ನೂಲು ಕೊಡ್ತದೆ, ನೇಕಾರ ಮನೆಯಲ್ಲೇ ನೇಯ್ದು ವಾಪಸ್ ಕೊಡ್ತಾನೆ, ನಿಗಮ ಮಜೂರಿ ಕೊಡ್ತದೆ. ಸಾವುಕಾರನ ಉದ್ರಿಯಿಂದ ಬಿಡುಗಡೆ ಸಿಕ್ತು, ಇದು ಸಣ್ಣದಲ್ಲ. 1976ರಲ್ಲಿ ಕೇಂದ್ರದ ಜನತಾ ಬಟ್ಟೆ ಯೋಜನೆ ಬಂತು. ಬಡವರಿಗೆ ಅಗ್ಗದ ಸೀರೆ, ಧೋತರ. ನೇಕಾರನಿಗೆ ವರ್ಷವಿಡೀ ಕೆಲಸ.

ತೊಡಕು ಎಲ್ಲಿ? ದೊರಗು ಬಟ್ಟೆ, ಒಂದೇ ನಮೂನೆ. ಇಳಕಲ್ ಸೀರೆ ನೇಯೋ ಕೈ ದಪ್ಪ ನೂಲಿನ ಧೋತರ ನೇಯ್ದು ನೇಯ್ದು ಹಳೇ ಕಸುಬೇ ಮರೀತು. 1990ರ ದಶಕದಲ್ಲಿ ಯೋಜನೆ ನಿಂತಾಗ ಪೇಟೆಯಲ್ಲಿ ಮಾರೋಕೆ ಕೈಯಲ್ಲಿ ಮಾಲೇ ಇರಲಿಲ್ಲ. ಆಮೇಲೆ ಉಸಿರು ಕೊಟ್ಟದ್ದು ಸರಕಾರಿ ಶಾಲೆಯ ಸಮವಸ್ತ್ರ. ವಿದ್ಯಾವಿಕಾಸ ಯೋಜನೆಯ ಬಟ್ಟೆಯಲ್ಲಿ ಒಂದು ಪಾಲು ನಿಗಮದ ಮಗ್ಗಗಳಿಂದ. ನೀವು ಸರಕಾರಿ ಶಾಲೆಯಲ್ಲಿ ಓದಿದ್ರೆ ನಿಮ್ಮ ಅಂಗಿ ಬಟ್ಟೆ ಇಂಥದ್ದೇ ಯಾವುದೋ ಪಡಸಾಲೆಯಲ್ಲಿ ಆಗಿರಬಹುದು. ಆದ್ರೆ ಕೊಳ್ಳೋನು ಒಬ್ಬನೇ, ಸರಕಾರ. ಆರ್ಡರ್ ತಡವಾದ್ರೆ ಇಡೀ ಓಣಿಯ ಮಗ್ಗ ಮೂಕ.

5/6
ಸ್ವೈಪ್ ಮಾಡಿ, ಸವದತ್ತಿಗೆ ಬರ್ರಿ. ನವಿಲುತೀರ್ಥದ ಅಣೆಕಟ್ಟು, ರೇಣುಕಾಸಾಗರ. ಮಲಪ್ರಭೆಗೆ ಕಟ್ಟಿದ ಇದು 1972ಕ್ಕೆ ಮುಗೀತು. ನೀರು ಬಂದಲ್ಲಿ ಹತ್ತಿ, ಜೋಳದ ಜಾಗಕ್ಕೆ ಕಬ್ಬು ಬಂತು.

ಸಕ್ಕರೆಗೆ ಆಗ ಲೈಸೆನ್ಸ್ ಬೇಕಿತ್ತು. ಸಹಕಾರಿ ಕಾರ್ಖಾನೆಗಳದ್ದೇ ಕಾಲ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆ ಅಂಥದ್ದು. 1998ರ ಆಗಸ್ಟಿನಲ್ಲಿ ಕೇಂದ್ರ ಆ ಲೈಸೆನ್ಸ್ ತೆಗೀತು. ಅದೇ ಹೊತ್ತಿಗೆ ಬೆಳಗಾವಿಯ ವಿದ್ಯಾ ಮುರಕುಂಬಿ ಮತ್ತು ಮಗ ನರೇಂದ್ರ ಮುರಕುಂಬಿ, ಆಂಧ್ರದ ಹಿಂದೂಪುರದ ನಿಜಾಮ್ ಶುಗರ್ಸ್ ಘಟಕವನ್ನ ಕೊಂಡು, ಬಿಚ್ಚಿ ತಂದು ಮುನವಳ್ಳಿಯಲ್ಲಿ ನಿಲ್ಲಿಸಿದರು. ಕಬ್ಬು ಬೆಳೆಗಾರರೂ ಷೇರು ಹಾಕಿದ್ದರು. ಯಲ್ಲಮ್ಮನ ತಾಲೂಕು ನೋಡ್ರಿ, ಹೆಸರೂ ರೇಣುಕಾ ಶುಗರ್ಸ್. 2005ರಲ್ಲಿ ಷೇರುಪೇಟೆಗೆ ಬಂತು, 2010ರಲ್ಲಿ ಬ್ರೆಜಿಲ್‌ನಲ್ಲೇ ಕಾರ್ಖಾನೆ ಕೊಂಡಿತು. ಮುಂದೆ ಸಾಲ ಏರಿ, 2018ರಲ್ಲಿ ಹಿಡಿತ ಸಿಂಗಪುರದ ವಿಲ್ಮಾರ್ ಕೈಗೆ ಹೋಯ್ತು. ಕಾಮರ್ಸ್ ಓದೋರಿಗೆ ಮನೆ ಬಾಗಿಲಲ್ಲೇ ಇರೋ ಕೇಸ್ ಸ್ಟಡಿ. ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ, ಅದು ಬೇರೆ ಮಾತು.

ಕಬ್ಬಿನಿಂದ ರೈತನ ಕೈಗೆ ದುಡ್ಡು ಬಂತು, ಅದನ್ನ ಅಲ್ಲಗಳೆಯೋದಿಲ್ಲ. ಆದ್ರೆ ಕೆಲಸದ ಲೆಕ್ಕ ಹಾಕ್ರಿ. ಸಕ್ಕರೆ ಕಾರ್ಖಾನೆಗೆ ಕೋಟಿಗಟ್ಟಲೆ ಬಂಡವಾಳ ಬೇಕು, ಒಳಗೆ ಖಾಯಂ ಕೆಲಸಗಾರರು ಕಡಿಮೆ, ಕಬ್ಬು ಅರೆಯೋದು ಚಳಿಗಾಲದಿಂದ ಬೇಸಿಗೆ ತನಕ ಕೆಲವೇ ತಿಂಗಳು. ಕಬ್ಬು ಕಡಿಯೋ ಗ್ಯಾಂಗು ಎಷ್ಟೋ ಕಡೆ ಹೊರಗಿನಿಂದಲೇ ಬರ್ತದೆ. ಹೊಲ ಇದ್ದವನಿಗೆ ಲಾಭ. ಮಗ್ಗ ಬಿಟ್ಟ, ಹೊಲ ಇಲ್ಲದ ಮನೆಯ ಹುಡುಗಿಗೆ ಅಲ್ಲಿ ಏನು ಕೆಲಸ?

6/6
ಆ ಹುಡುಗಿಯ ಕೆಲಸ ಎಲ್ಲಿತ್ತು ಅಂತ ಹುಡುಕಿದಾಗ ಸಿಕ್ಕಿದ್ದು ಬಾಂಗ್ಲಾದೇಶ. 1979ರಲ್ಲಿ ಅಲ್ಲಿನ ದೇಶ್ ಗಾರ್ಮೆಂಟ್ಸ್ 130 ಜನರನ್ನ ಕೊರಿಯಾದ ಡೇವೂ ಕಂಪನಿಗೆ ಹೊಲಿಗೆ, ಫ್ಯಾಕ್ಟರಿ ನಡೆಸೋದು ಕಲಿಯೋಕೆ ಕಳಿಸಿತು. ಕಲಿತು ಬಂದವರಲ್ಲಿ ಎಷ್ಟೋ ಜನ ಆಮೇಲೆ ತಮ್ಮದೇ ಫ್ಯಾಕ್ಟರಿ ಹಾಕಿದರು. ರಫ್ತಿಗೆ ಬೇಕಾದ ಬಟ್ಟೆಯನ್ನ ಸುಂಕ ಇಲ್ಲದೆ ತರಿಸೋಕೆ ಅಲ್ಲಿನ ಸರಕಾರ ದಾರಿ ಮಾಡಿಕೊಟ್ಟಿತು. ಇವತ್ತು ಅಲ್ಲಿನ ರಫ್ತಿನಲ್ಲಿ ಶೇ. 80ಕ್ಕಿಂತ ಹೆಚ್ಚು ಸಿದ್ಧ ಉಡುಪೇ.

ಅದೇ ಕಾಲದಲ್ಲಿ ನಾವು? 1977ರ ಡಿಸೆಂಬರಿನಲ್ಲಿ ಜಾರ್ಜ್ ಫರ್ನಾಂಡಿಸ್ ಮಂಡಿಸಿದ ನೀತಿಯಲ್ಲಿ ಸಣ್ಣ ಕೈಗಾರಿಕೆಗೆ ಮೀಸಲಾದ ಸಾಮಾನುಗಳ ಪಟ್ಟಿ 180ರಿಂದ 504ಕ್ಕೆ ಏರಿತು. ಮರುವರ್ಷ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಬಂದವು. ಸಿದ್ಧ ಉಡುಪೂ ಸಣ್ಣ ಕೈಗಾರಿಕೆಗೇ ಮೀಸಲು. ರಫ್ತಿನ ಷರತ್ತು ಒಪ್ಪದ ಹೊರತು ಸಾವಿರ ಹೊಲಿಗೆ ಯಂತ್ರದ ದೊಡ್ಡ ಫ್ಯಾಕ್ಟರಿ ಕಟ್ಟೋಹಾಗಿಲ್ಲ. ಆ ಬೇಲಿ ತೆಗೆಯೋ ತೀರ್ಮಾನ ಬಂದಿದ್ದು 2000ದ ಜವಳಿ ನೀತಿಯಲ್ಲಿ. ಇಪ್ಪತ್ತು ವರ್ಷ ತಡ. (ಬಾಂಗ್ಲಾದಲ್ಲಿ ಎಲ್ಲಾ ಹಾಲುಜೇನು ಅಂತ ಅಲ್ಲ. 2013ರಲ್ಲಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು.)

ಕರ್ನಾಟಕವೂ 2008, 2013, 2019ರಲ್ಲಿ ಒಂದಾದ ಮೇಲೊಂದು ಜವಳಿ ನೀತಿ ತಂತು, ಸಬ್ಸಿಡಿ ಕೊಟ್ಟಿತು. ಆದ್ರೂ ನಮ್ಮ ಕಡೆಯ ಹುಡುಗಿಯರು ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರು ಬಸ್ಸೇ ಹತ್ತಬೇಕು. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಮೂರಕ್ಕೂ ಇವತ್ತಿಗೂ ರೈಲಿಲ್ಲ. ಕಿತ್ತೂರಿಗೆ ಹೆದ್ದಾರಿ ಐತಿ. 2021ರಲ್ಲಿ ಮುಂಬಯಿ ಕರ್ನಾಟಕ ಅನ್ನೋದು ಕಿತ್ತೂರು ಕರ್ನಾಟಕ ಆಯ್ತು. ಹೆಸರು ಬಂದದ್ದು ಖುಷಿ. ಆ ಹೆಸರಿನ ಊರಿನ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯ್ತಾ ನಿಂತಿರ್ತಾರೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ದೊಡ್ಡವ್ವನ ಮಗ್ಗದ ಕುಣಿಯಲ್ಲಿ ನೀರು ನಿಂತಿತ್ತು. ಕೆಸರು ತೆಗೆದು, ಒಣಗಿಸಿ, ಮತ್ತೆ ಹಾಸು ಹಾಕಿದರು. ಮರುವರ್ಷ ಲಾಕ್‌ಡೌನ್ ಹೊತ್ತಿಗೆ ನೇಕಾರ ಸಮ್ಮಾನ್ ಅಂತ ವರ್ಷಕ್ಕೆ 2,000 ರೂಪಾಯಿ ಶುರುವಾಯ್ತು, 2022ರ ಬಜೆಟ್‌ನಲ್ಲಿ 5,000 ಮಾಡಿದರು. 2019-20ರ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ ನೇಕಾರರು ಮತ್ತು ಪೂರಕ ಕೆಲಸದವರು 35 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಹೆಂಗಸರು. ದೊಡ್ಡವ್ವ ನೇಯೋದಿಲ್ಲ, ಕಂಡಿಕೆ ಸುತ್ತುತ್ತಾಳೆ. ಮಜೂರಿ ದೊಡ್ಡಪ್ಪನ ಹೆಸರಿಗೆ ಬರ್ತದೆ. "ನಿನ್ನ ಕಂಡಿಕೆಗೆ ಬ್ಯಾರೆ ಎಷ್ಟು?" ಅಂತ ಕೇಳಿದೆ. ನಕ್ಕು ಬಿಟ್ಟಳು.

ಇಷ್ಟೆಲ್ಲ ಓದಿಕೊಂಡು ಹೋಗಿ ಅವಳಿಗೆ ಹೇಳಿದೆ. ಕರ್ವೆ, ಕಾನೂನ್ಗೋ ಎರಡನ್ನೂ ಪೂರ್ತಿ ಕೇಳಿದಳು. ಆಮೇಲೆ, "ಹಂಗಾದ್ರ ಅವರಿಬ್ಬರಾಗ ಒಬ್ಬರರೆ ಇಲ್ಲಿಗೆ ಬಂದಿದ್ರೇನು?" ಅಂದಳು.

ನಿಮ್ಮ ಮನೆಯಲ್ಲಿ ಮಗ್ಗ ಇತ್ತಾ, ಯಾವ ವರ್ಷ ನಿಂತಿತು, ಆಮೇಲೆ ಮನೆಯವರು ಯಾವ ಕೆಲಸಕ್ಕೆ ಹೋದರು? ಅಜ್ಜಿ, ಅಜ್ಜನನ್ನ ಕೇಳಿ ಕೆಳಗೆ ಬರೀರಿ. ಮುನವಳ್ಳಿ, ದೇಶನೂರು ಕಡೆಯವರು ಇದ್ರೆ ಫೋಟೋ ಕಳಿಸ್ರಿ, ಮುಂದಿನ ಸರಣಿ ಅದರಿಂದಲೇ ಶುರು ಮಾಡ್ತೀನಿ.