ಕಲ್ಲೂರಿನ ಎರಡು ರೂಪಾಯಿಗಳು

ರಾಯಚೂರಿನಿಂದ ಲಿಂಗಸುಗೂರಿನತ್ತ ಸಾಗುವ ಹಾದಿಯಲ್ಲಿ, ಕಲ್ಮಲವನ್ನು ದಾಟಿ ಸಿರವಾರವನ್ನು ಮುಟ್ಟುವ ಮೊದಲು ಎದುರಾಗುವ ಕಲ್ಲೂರು, ಸಾಣೆಕಲ್ಲಿನಲ್ಲಿ ಮೂಡಿದಳೆಂದು ಸ್ಥಳಪುರಾಣವು ಹೇಳುವ ಮಹಾಲಕ್ಷ್ಮಿಯ ದೆಸೆಯಿಂದ, ಆಸ್ತಿಕರಲ್ಲಿ ಎರಡನೆಯ ಕೊಲ್ಹಾಪುರವೆಂಬ ಖ್ಯಾತಿಯನ್ನು ಪಡೆದ ಗ್ರಾಮ. ಲಕ್ಷ್ಮಿಯ ಊರಿನ ಚರಿತ್ರೆಯನ್ನು ಹೇಳಹೊರಟವನು ನಾಣ್ಯದ ಮಾತನ್ನೆತ್ತಿದರೆ ಅಪಚಾರವಾಗಲಾರದು.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲಕ್ಕಾಗಿ ಅರಸರು ಕಾದಾಡಿದ ವೃತ್ತಾಂತವೂ, 1520ರಲ್ಲಿ ಕೃಷ್ಣದೇವರಾಯನು ರಾಯಚೂರ ಕೋಟೆಯನ್ನು ಗೆದ್ದುದೂ ಸರ್ವವಿದಿತ. ಗದ್ಯಾಣವೆಂಬ ನಾಣ್ಯ ಹೋಗಿ ವರಹವೆಂಬುದು ಬಂದ ಆ ಕಥೆಯನ್ನು ಇಲ್ಲಿ ಬೆಳೆಸುವುದು ಅನವಶ್ಯಕ. ನನಗೆ ಹೆಚ್ಚು ಸ್ವಾರಸ್ಯಕರವಾಗಿ ತೋರುವುದು ಈ ಸೀಮೆಯನ್ನು ಹೈದರಾಬಾದಿನ ನಿಜಾಮರು ಆಳಿದ ಕಾಲ. 1857ರ ದಂಗೆಯವರೆಗೂ ಹೈದರಾಬಾದಿನ ರೂಪಾಯಿ ದಿಲ್ಲಿಯ ಬಾದಶಹನ ಹೆಸರನ್ನೇ ಹೊತ್ತಿದ್ದಿತು. ಸಾಲದೆಂಬಂತೆ ನೆರೆಯ ಗದ್ವಾಲ, ನಾರಾಯಣಪೇಟೆ, ಸುರಪುರಗಳಲ್ಲಿಯೂ ಟಂಕಸಾಲೆಗಳಿದ್ದುದರಿಂದ, ಕೈಗೆ ಬಂದ ನಾಣ್ಯವನ್ನು ಸರಾಫನಿಗೆ ತೋರಿಸಿ, ನಾಣ್ಯ ಬದಲಿಸುವ ಕಸರಾದ ವಟ್ಟವನ್ನು ತೆತ್ತಲ್ಲದೆ ಅದರ ಬೆಲೆ ನಿಶ್ಚಯವಾಗುತ್ತಿರಲಿಲ್ಲ. ದಂಗೆಯ ತರುವಾಯ ನಿಜಾಮನ ಹೆಸರಿನಲ್ಲೇ ಹೊರಟ ‘ಹಾಲಿ ಸಿಕ್ಕಾ’ ಈ ಗೊಂದಲವನ್ನು ಕ್ರಮೇಣ ತಗ್ಗಿಸಿತಾದರೂ, 1871ರಲ್ಲಿ ಮುಂಬಯಿ ಮದರಾಸುಗಳ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿಕೊಂಡು ಹೊರನಾಡಿನ ವ್ಯಾಪಾರ ಬಾಗಿಲಿಗೇ ಬಂದಮೇಲೆ, ಬ್ರಿಟಿಷರ ‘ಕಲ್ದಾರ’ ರೂಪಾಯಿಯ ಲೆಕ್ಕವನ್ನೂ ಬಲ್ಲವನೇ ವರ್ತಕನೆನ್ನುವಂತಾಯಿತು.

ನೂರು ಕಲ್ದಾರಕ್ಕೆ ನೂರಹದಿನಾರು ಹಾಲಿ ರೂಪಾಯಿ, ಹತ್ತು ಆಣೆ, ಎಂಟು ಪೈ. ಎಂದರೆ ಆರಕ್ಕೆ ಏಳು. ಈ ದರವು ದೊರೆತನದ ದರ್ಪದಿಂದ ಹುಟ್ಟಿದುದೆಂದು ಭಾವಿಸುವವರು ಎರಡನ್ನೂ ತೂಗಿ ನೋಡಬೇಕು. ಕಲ್ದಾರದ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಹಾಲಿಯ ತೂಕ 11.18 ಗ್ರಾಂ, ಬೆಳ್ಳಿ ಸುಮಾರು 82 ಪಾಲು. ಗುಣಿಸಿದರೆ ಬಹುಮಟ್ಟಿಗೆ ಅದೇ ಆರು-ಏಳರ ಪ್ರಮಾಣ! ಇಪ್ಪತ್ತನೆಯ ಶತಮಾನದ ಆರಂಭದಿಂದ ಹಾಲಿಯ ಮೇಲೆ ಚಾರ್‌ಮಿನಾರಿನ ಚಿತ್ರವನ್ನೊತ್ತತೊಡಗಿದರು; ಅದರ ಕಮಾನಿನೊಳಗೆ, ಸೂಕ್ಷ್ಮವಾಗಿ ನೋಡಿದರೆ, ನಿಜಾಮ ಮಹಬೂಬ ಅಲಿಯ ಕಾಲದ್ದಾದರೆ ‘ಮೀಮ್’, ಅವನ ನಂತರದ ನಿಜಾಮ ಉಸ್ಮಾನ ಅಲಿಯದಾದರೆ ‘ಐನ್’ ಎಂಬ ಒಂಟಿ ಉರ್ದು ಅಕ್ಷರ ಕಾಣುವುದು.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ದುರ್ಲಭವಾಗಲು, 1918ರಲ್ಲಿ ನೋಟುಗಳನ್ನು ಹೊರಡಿಸಲು ಶಾಸನವಾಯಿತು. ಆ ನೋಟುಗಳಲ್ಲಿ ಉರ್ದುವಿನೊಡನೆ ತೆಲುಗು, ಮರಾಠಿ, ಕನ್ನಡಗಳಲ್ಲಿಯೂ ಮೌಲ್ಯವನ್ನು ಮುದ್ರಿಸಿದ್ದರು. ಕಚೇರಿಯ ಕಾಗದವೆಲ್ಲ ಉರ್ದುವಾಗಿದ್ದ ದಿನಗಳಲ್ಲಿ, ದೊರೆಯ ಮುದ್ರೆಯ ಕಾಗದದ ಮೇಲೆ ಕನ್ನಡಿಗನು ತನ್ನ ಲಿಪಿಯನ್ನು ಕಾಣಬೇಕಾದರೆ ನೋಟನ್ನೇ ಬಿಡಿಸಿ ನೋಡಬೇಕಾಗಿದ್ದಿತೆಂಬುದು ವಿನೋದವೂ ಹೌದು, ವಿಷಾದವೂ ಹೌದು.

1948ರಲ್ಲಿ ನಿಜಾಮನ ಆಳಿಕೆ ಮುಗಿದರೂ ಅವನ ರೂಪಾಯಿ ಮುಗಿಯಲಿಲ್ಲ. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಚಲಾವಣೆಗೆ ಬಂದಿತು. ಹಾಲಿ ಸಿಕ್ಕಾ ಮಾತ್ರ 1959ರವರೆಗೂ ಉಸಿರು ಹಿಡಿದುಕೊಂಡಿದ್ದಿತು. ಆಣೆಪೈಗಳ ಹಳೆಯ ಲೆಕ್ಕ, ನೂರರ ಹೊಸ ಲೆಕ್ಕ, ಇವೆರಡರ ಮೇಲೆ ಆರಕ್ಕೇಳರ ವಟ್ಟ: ಆ ಎರಡು ವರ್ಷ ಈ ಸೀಮೆಯ ಅಂಗಡಿಗಳಲ್ಲಿ ಖಾತೆ ಬರೆದ ಗುಮಾಸ್ತರಿಗೆ ಇನ್ನಾವ ಗಣಿತ ಪರೀಕ್ಷೆಯೂ ಬೇಕಿರಲಿಲ್ಲ.